ಒಂದು ಪೆಡಲ್, ಎರಡು ಕಾರ್ಬುರೇಟರ್

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೇ ಕಾರಿಗೆ ಜೋಡಿ ಕಾರ್ಬುರೇಟರ್ ಕೂರಿಸಿ ಕೇಬಲ್ ವಿಷಯದಲ್ಲಿ ಸಿಕ್ಕಿಹಾಕಿಕೊಂಡವರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಮೂರೂ ಜಿಲ್ಲೆಯವರು ಕೇಳಿದ್ದಾರೆ.

ಪ್ರಶ್ನೆ: ನನ್ನ 1489 ಸಿ.ಸಿ. ಅಂಬಾಸಿಡರ್ ಪೆಟ್ರೋಲ್ ಗಾಡಿಗೆ ಎಂ.ಜಿ. ಕಾರಿನ ಮ್ಯಾನಿಫೋಲ್ಡ್ (ಕಾರ್ಬುರೇಟರಿನಿಂದ ಎಂಜಿನ್ನಿಗೆ ಹೋಗುವ ಕೊಳವೆ) ಸಮೇತ ಜೋಡಿ ಎಸ್.ಯು. (ಬ್ರಿಟಿಷ್ ತಯಾರಿಕೆಯ) ಕಾರ್ಬುರೇಟರ್ ಹಾಕಿದ್ದೇನೆ. ಹಳೆಯ ರಾಡ್ ಹೊಂದಲಿಲ್ಲವೆಂದು ಕೇಬಲ್ ಮಾಡಿಸಿದೆ. ಪೆಡಲ್ ನೆಲ ಮುಟ್ಟಿದರೂ ಬಟರ್‌ಫ್ಲೈ (ಗಾಳಿಯ ದಾರಿ ತೆರೆದು ಮುಚ್ಚುವ ಬಿಲ್ಲೆ) ಪೂರ್ತಿ ತೆರೆಯುವುದಿಲ್ಲ. ಮೊದಲ ಗೇರಿನಲ್ಲಿ ಕ್ಲಚ್ ಬಿಡುವಾಗ ಎಂಜಿನ್ ತಾನಾಗಿಯೇ ರೇಸ್ ಆಗಿ ಗಾಡಿ ಎಗರುತ್ತದೆ. ಅಳತೆ ಕೊಡುತ್ತಿದ್ದೇನೆ: ಪೆಡಲ್ ಪೂರ್ತಿ ಒತ್ತಿದರೆ ಕೇಬಲ್ 28 ಮಿ.ಮೀ. ಎಳೆಯುತ್ತದೆ. ಲಿವರಿನ ತೂತು ಸ್ಪಿಂಡಲ್ (ಬಟರ್‌ಫ್ಲೈ ತಿರುಗಿಸುವ ದಂಡ) ನಡುವಿನಿಂದ 32 ಮಿ.ಮೀ. ದೂರದಲ್ಲಿದೆ. ಕೇಬಲ್‌ನ ಔಟರ್ (ಹೊರ ಕೊಳವೆ) ಅನ್ನು ಫೈರ್‌ವಾಲ್‌ಗೆ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿಗೆ) ಬೋಲ್ಟ್ ಮಾಡಿದ್ದೇನೆ.
– ಓದುಗರು, ಕ್ಯಾತ್ಸಂದ್ರ, ತುಮಕೂರು

ಉತ್ತರ: ಅಳತೆ ಬರೆದು ಕಳಿಸಿದ್ದು ಬಹಳ ಒಳ್ಳೆಯದಾಯಿತು. ಎರಡೂ ತೊಂದರೆಗೆ ಕಾರಣ ನಿಮ್ಮ ಪತ್ರದಲ್ಲೇ ಇದೆ.

ಮೊದಲು ತೆರೆಯದಿರುವ ವಿಷಯ. ಎಸ್.ಯು. ಬಟರ್‌ಫ್ಲೈ ಮುಚ್ಚಿದ ಜಾಗದಿಂದ ಪೂರ್ತಿ ತೆರೆಯಲು ಸ್ಪಿಂಡಲ್ ಸುಮಾರು 80 ಡಿಗ್ರಿ ತಿರುಗಬೇಕು. 32 ಮಿ.ಮೀ. ಉದ್ದದ ನೇರ ಲಿವರನ್ನು ಅಷ್ಟು ತಿರುಗಿಸಲು 41 ಮಿ.ಮೀ. ಎಳೆತ ಬೇಕು. ನಿಮ್ಮ ಪೆಡಲ್ ಕೊಡುವುದು 28. ಅಷ್ಟರಲ್ಲಿ ಸ್ಪಿಂಡಲ್ ತಿರುಗುವುದು 52 ಡಿಗ್ರಿ ಮಾತ್ರ. ಕೇಬಲ್ ಬಿಗಿ ಮಾಡಿದರೆ ಇದು ಸರಿಹೋಗುವುದಿಲ್ಲ. ಬಿಗಿ ಮಾಡಿದಷ್ಟೂ ಐಡ್ಲಿಂಗ್ ಏರುತ್ತದೆ, ಅಷ್ಟೇ.

ದಾರಿ ಎರಡಿವೆ. ಲಿವರ್ ಗಿಡ್ಡ ಮಾಡುವುದು ಒಂದು, ಪೆಡಲ್ ಕಡೆ ಎಳೆತ ಹೆಚ್ಚಿಸುವುದು ಇನ್ನೊಂದು. 28 ಮಿ.ಮೀ.ನಲ್ಲೇ ಕೆಲಸ ಮುಗಿಸಬೇಕೆಂದರೆ ಲಿವರ್ 21 ಮಿ.ಮೀ.ಗೆ ಇಳಿಯಬೇಕು. ಆಗ ಪೆಡಲ್ ಗಟ್ಟಿಯಾಗುತ್ತದೆ, ಸ್ವಲ್ಪ ಮುಟ್ಟಿದರೂ ಗಾಡಿ ನೆಗೆಯುತ್ತದೆ. ಬಿ.ಎಚ್. ರಸ್ತೆಯ ಸಂಜೆಯ ಟ್ರಾಫಿಕ್ಕಿನಲ್ಲಿ ಅಂಥ ಪೆಡಲ್ ಕಾಲಿಗೆ ಶಿಕ್ಷೆ. ಹಾಗಾಗಿ ನಮ್ಮ ಸಲಹೆ ಪೆಡಲ್ ಕಡೆಯಿಂದ ಶುರುಮಾಡಿ ಎಂದು. ಪೆಡಲ್ ತೋಳಿನಲ್ಲಿ ಈಗ ಕೇಬಲ್ ಸಿಕ್ಕಿಸಿರುವ ತೂತು ಪಿವಟ್‌ನಿಂದ ಎಷ್ಟು ದೂರವಿದೆ ನೋಡಿ. ಉದಾಹರಣೆಗೆ 50 ಮಿ.ಮೀ. ಇದೆ ಎನ್ನೋಣ. 50 ಮಿ.ಮೀ.ಗೆ 28 ಎಳೆತ ಸಿಕ್ಕರೆ, 64 ಮಿ.ಮೀ.ನಲ್ಲಿ ಹೊಸ ತೂತು ಕೊರೆದಾಗ ಸುಮಾರು 36 ಸಿಗುತ್ತದೆ. ಕೊರೆಯುವ ಮುಂಚೆ ಹೊಸ ಜಾಗದಲ್ಲಿ ಕೇಬಲ್ ತುದಿ ಫೈರ್‌ವಾಲ್‌ಗಾಗಲಿ ಬ್ರೇಕ್ ಪೆಡಲ್‌ಗಾಗಲಿ ತಗುಲುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಕಾರ್ಬುರೇಟರ್ ಕಡೆ ನೇರ ಲಿವರ್ ತೆಗೆದು ಕಾಲುವೃತ್ತದ ಪುಲ್ಲಿ ಹಾಕಿ. ಗ್ಯಾರೇಜಿನವರು ಇದಕ್ಕೆ ಕ್ವಾಡ್ರಂಟ್ ಎನ್ನುತ್ತಾರೆ. 6 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತುಂಡಿನಲ್ಲಿ ಲೇತ್‌ನವರು ಮಾಡಿಕೊಡುತ್ತಾರೆ. ಅಂಚಿನಲ್ಲಿ ವೈರು ಕೂರುವ ತೋಡಿನ ತಳದಲ್ಲಿ ಅಳೆದಾಗ ಅರೆವ್ಯಾಸ 25 ಮಿ.ಮೀ. ಬರಬೇಕು, 1.5 ಮಿ.ಮೀ. ವೈರಿಗೆ ತೋಡಿನ ಅಗಲ 2.5 ಮಿ.ಮೀ. ಸಾಕು. 25 ಮಿ.ಮೀ. ಅರೆವ್ಯಾಸದಲ್ಲಿ 80 ಡಿಗ್ರಿಗೆ ಬೇಕಾಗುವುದು 35 ಮಿ.ಮೀ. ಎಳೆತ. ನಿಮ್ಮ ಬಳಿ 36 ಇದೆ. ಉಳಿದ 1 ಮಿ.ಮೀ. ಕೇಬಲ್ ಸಡಿಲಕ್ಕೆ.

ಪುಲ್ಲಿಯೇ ಏಕೆ? ವೈರು ಯಾವಾಗಲೂ ಪುಲ್ಲಿಯ ಅಂಚಿನಿಂದ ನೇರವಾಗಿ ಹೊರಡುವುದರಿಂದ ಎಳೆತ ಮೊದಲಿಂದ ಕೊನೆವರೆಗೆ ಒಂದೇ ಸಮ. ನೇರ ಲಿವರಿನಲ್ಲಿ ಹಾಗಲ್ಲ. ಅದನ್ನೇ ಉಳಿಸಿಕೊಳ್ಳುವುದಾದರೆ ಅರ್ಧ ಥ್ರಾಟಲ್‌ನಲ್ಲಿ ಲಿವರಿಗೂ ಕೇಬಲ್ಲಿಗೂ ನಡುವೆ 90 ಡಿಗ್ರಿ ಇರಬೇಕು, ಎರಡೂ ಕಡೆ 40 ಡಿಗ್ರಿ ಹಂಚಿಕೆಯಾಗಬೇಕು. ಐಡ್ಲಿಂಗ್‌ನಲ್ಲೇ 90 ಇಟ್ಟರೆ ಪೂರ್ತಿ ತೆರೆದಾಗ ಲಿವರ್ ಹೆಚ್ಚುಕಡಿಮೆ ಕೇಬಲ್‌ನ ಸಾಲಿಗೇ ಬಂದು ನಿಲ್ಲುತ್ತದೆ. ಇನ್ನೊಂದಿಷ್ಟು ಎಳೆದರೆ ಅದು ಆಚೆ ಕಡೆ ಮಗುಚಿ, ಸ್ಪ್ರಿಂಗ್ ಎಳೆದರೂ ವಾಪಸು ಬಾರದೆ ಸಿಕ್ಕಿಕೊಳ್ಳುತ್ತದೆ. ಜೀವಕ್ಕೆ ಕುತ್ತು ತರುವ ತಪ್ಪು ಇದು.

ಈಗ ಗಾಡಿ ಎಗರುವ ವಿಷಯ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಕ್ಲಚ್ ಬಿಟ್ಟಾಗ ಅದು ಪಕ್ಕಕ್ಕೆ ವಾಲುತ್ತದೆ, ಜೊತೆಗೆ ಕಾರ್ಬುರೇಟರ್ ಕೂಡ. ಆದರೆ ನೀವು ಔಟರ್ ಹಿಡಿಸಿರುವುದು ಫೈರ್‌ವಾಲ್‌ಗೆ, ಅದು ಅಲುಗುವುದಿಲ್ಲ. ಎಂಜಿನ್ ದೂರ ಸರಿದಷ್ಟೂ ಇನ್ನರ್ ವೈರು ಎಳೆಸಿಕೊಂಡು ಬಟರ್‌ಫ್ಲೈ ತೆರೆಯುತ್ತದೆ, ಎಂಜಿನ್ ವಾಪಸು ಬಂದಾಗ ಮುಚ್ಚುತ್ತದೆ. ಇದೇ ನಿಮ್ಮ ಗಾಡಿಯ ಎಗರಾಟ. ಔಟರ್‌ನ ಕೊನೆ ಕಾರ್ಬುರೇಟರ್ ಯಾವುದರ ಮೇಲೆ ಕೂತಿದೆಯೋ ಅದರ ಮೇಲೇ ಕೂರಬೇಕು. 3 ಮಿ.ಮೀ. ಉಕ್ಕಿನ ಪಟ್ಟಿಯಲ್ಲಿ ಬ್ರಾಕೆಟ್ ಮಾಡಿಸಿ ಮ್ಯಾನಿಫೋಲ್ಡ್‌ಗೆ ಅಥವಾ ಹೀಟ್ ಶೀಲ್ಡ್ ಹಿಡಿದಿರುವ ಸ್ಟಡ್‌ಗೆ ಹಾಕಿ. ಹೀಟ್ ಶೀಲ್ಡ್‌ನ ತೆಳು ತಗಡಿಗೇ ಹಾಕಬೇಡಿ, ಅದು ಬಾಗುತ್ತದೆ. ಬ್ರಾಕೆಟ್‌ನಲ್ಲಿ ಲಾಕ್‌ನಟ್ ಇರುವ ಅಡ್ಜಸ್ಟರ್ ಇರಲಿ. ಫೈರ್‌ವಾಲ್‌ಗೂ ಬ್ರಾಕೆಟ್‌ಗೂ ನಡುವೆ ಔಟರ್ ಒಂದು ಸಡಿಲ ಬಾಗು ತೆಗೆದುಕೊಂಡು ಬರಲಿ, ಎಂಜಿನ್ ಎಷ್ಟು ವಾಲಿದರೂ ಆ ಬಾಗು ನುಂಗಿಕೊಳ್ಳುತ್ತದೆ. ಬಾಗಿನ ಅರೆವ್ಯಾಸ 100 ಮಿ.ಮೀ.ಗಿಂತ ಕಡಿಮೆಯಾದರೆ ಒಳಗೆ ವೈರು ಉಜ್ಜುತ್ತದೆ. ಈ ಎಂಜಿನ್ನಿನಲ್ಲಿ ಇನ್‌ಲೆಟ್ ಮತ್ತು ಎಕ್ಸಾಸ್ಟ್ ಎರಡೂ ಒಂದೇ ಪಕ್ಕದಲ್ಲಿವೆ ಎನ್ನುವುದು ನೆನಪಿರಲಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ ಕೇಬಲ್ ಕನಿಷ್ಠ 75 ಮಿ.ಮೀ. ದೂರ ಹೋಗಲಿ.

ಪುಲ್ಲಿಯನ್ನು ಯಾವುದೋ ಒಂದು ಕಾರ್ಬುರೇಟರಿನ ಸ್ಪಿಂಡಲ್ ತುದಿಗೆ ಹಾಕಬೇಡಿ. ಎರಡರ ನಡುವೆ ಇರುವ ಜೋಡುಸಲಾಕೆಯ ಮಧ್ಯಕ್ಕೆ ಹಾಕಿ. ತುದಿಯಿಂದ ಎಳೆದರೆ ಸಲಾಕೆ ತಿರುಚಿಕೊಂಡು ದೂರದ ಕಾರ್ಬುರೇಟರ್ ಹಿಂದೆ ಬೀಳುತ್ತದೆ. ಹೊಸ ಸಲಾಕೆ ಮಾಡಿಸುವುದಾದರೆ 6ರ ಬದಲು 8 ಮಿ.ಮೀ. ಇರಲಿ. ತಿರುಚುವುದಕ್ಕೆ ಅದು ಮೂರು ಪಟ್ಟಿಗೂ ಹೆಚ್ಚು ಗಟ್ಟಿ.

ಕೊನೆಗೆ ಪೆಡಲ್ ಕೆಳಗೆ ತಡೆ. ಇದನ್ನು ಹೆಚ್ಚಿನವರು ಹಾಕುವುದೇ ಇಲ್ಲ. ಪೆಡಲ್ ಪಾದ ಪಿವಟ್‌ನಿಂದ 180 ಮಿ.ಮೀ., ಕೇಬಲ್ 64 ಮಿ.ಮೀ. ದೂರದಲ್ಲಿದ್ದರೆ ನೀವು 20 ಕಿಲೋ ಒತ್ತಿದಾಗ ಕೇಬಲ್ ಮೇಲೆ 56 ಕಿಲೋ ಬೀಳುತ್ತದೆ. ತಡೆ ಇಲ್ಲದಿದ್ದರೆ ಆ ಭಾರವೆಲ್ಲ ಕೇಬಲ್ ತುದಿಯ ನಿಪ್ಪಲ್‌ಗೂ (ವೈರು ಜಾರದಂತೆ ಹಿಡಿಯುವ ಲೋಹದ ಗುಂಡು) ಬಟರ್‌ಫ್ಲೈ ಹಿಡಿದಿರುವ ಸಣ್ಣ ಸ್ಕ್ರೂಗಳಿಗೂ ಹೋಗುತ್ತದೆ. ಆ ಸ್ಕ್ರೂ ಸಡಿಲವಾದರೆ ನೇರ ಸಿಲಿಂಡರಿಗೆ ಬೀಳುತ್ತದೆ. ನೆಲದ ತಗಡಿಗೆ 8 ಮಿ.ಮೀ. ಬೋಲ್ಟ್, ಲಾಕ್‌ನಟ್ ಹಾಕಿ, ಬಟರ್‌ಫ್ಲೈ ಪೂರ್ತಿ ತೆರೆದ ಕ್ಷಣಕ್ಕೆ ಪೆಡಲ್ ಅದಕ್ಕೆ ತಗುಲುವಂತೆ ಎತ್ತರ ಹೊಂದಿಸಿ.

ಪರೀಕ್ಷೆ ಮಾಡುವುದು ಎಂಜಿನ್ ನಿಲ್ಲಿಸಿಯೇ. ಏರ್ ಫಿಲ್ಟರ್ ಬಿಚ್ಚಿ, ಒಬ್ಬರು ಪೆಡಲ್ ಒತ್ತಿ ಹಿಡಿಯಲಿ. ನೀವು ಕಾರ್ಬುರೇಟರ್ ಬಾಯಿಯಲ್ಲಿ ಬೆರಳಿಟ್ಟು ಅದರೊಳಗಿನ ಪಿಸ್ಟನ್ ಮೇಲಕ್ಕೆತ್ತಿ ಟಾರ್ಚ್ ಬಿಡಿ. ಹಿತ್ತಾಳೆಯ ಬಟರ್‌ಫ್ಲೈ ಬಿಲ್ಲೆಯ ಅಂಚು ಮಾತ್ರ ಗೆರೆಯಂತೆ ಕಾಣಬೇಕು. ಬಿಲ್ಲೆಯ ಮುಖ ಕಂಡರೆ ಇನ್ನೂ ತೆರೆದಿಲ್ಲ, ಅಥವಾ ಆಚೆಗೆ ದಾಟಿದೆ. ಎರಡೂ ಕಾರ್ಬುರೇಟರಿನಲ್ಲಿ ನೋಡಿ.

ಪ್ರಶ್ನೆ: ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಟ್ರಯಂಫ್ ಸ್ಪಿಟ್‌ಫೈರ್‌ನ 1¼ ಇಂಚಿನ ಜೋಡಿ ಎಸ್.ಯು. ಹಾಕಿಸಿದ್ದೇನೆ. ಕೇಬಲ್ ಸರಿಯಾಗಿ ಎಳೆಯುತ್ತದೆ. ಆದರೆ ಪೆಡಲ್ ಮುಟ್ಟಿದ ತಕ್ಷಣ ಎಂಜಿನ್ ತಡವರಿಸುತ್ತದೆ, ಆಮೇಲೆ ಎಳೆಯುತ್ತದೆ. ಮೆಕ್ಯಾನಿಕ್ ಹೇಳುವ ಪ್ರಕಾರ ಒಂದು ಕಾರ್ಬುರೇಟರ್ ಮೊದಲು ಏಳುತ್ತದಂತೆ, ಇನ್ನೊಂದು ಆಮೇಲೆ. ಹೇಗೆ ಹೊಂದಿಸುವುದು?
– ಓದುಗರು, ಬಂಗಾರಪೇಟೆ

ಉತ್ತರ: ನಿಮ್ಮ ಮೆಕ್ಯಾನಿಕ್ ಸರಿಯಾಗಿಯೇ ಗುರುತಿಸಿದ್ದಾರೆ. ಆದರೆ ಕಾರ್ಬುರೇಟರ್ ಮುಟ್ಟುವ ಮುಂಚೆ ಉಳಿದದ್ದು ಸರಿ ಇರಬೇಕು. ಟ್ಯಾಪೆಟ್ ಸಂದು ಎಂಜಿನ್ ತಣ್ಣಗಿದ್ದಾಗ 0.25 ಮಿ.ಮೀ., ಪಾಯಿಂಟ್ 0.4 ಮಿ.ಮೀ., ಪ್ಲಗ್ 0.64 ಮಿ.ಮೀ., ಆಮೇಲೆ ಟೈಮಿಂಗ್. ಪಾಯಿಂಟ್ ಸುಟ್ಟಿರುವ ಗಾಡಿಯಲ್ಲಿ ದಿನವಿಡೀ ಕಾರ್ಬುರೇಟರ್ ತಿರುಗಿಸಿದರೂ ಫಲವಿಲ್ಲ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಿಲ್ಲಿಸಿ. ಏರ್ ಫಿಲ್ಟರ್ ಬಿಚ್ಚಿ. ಎರಡು ಕಾರ್ಬುರೇಟರ್ ನಡುವಿನ ಸಲಾಕೆಯ ಕ್ಲ್ಯಾಂಪ್ ಬೋಲ್ಟ್ ಎರಡನ್ನೂ ಸಡಿಲಿಸಿ. ಇನ್ನು ಮುಂದೆ ಅವು ಎರಡು ಬೇರೆ ಬೇರೆ ಕಾರ್ಬುರೇಟರ್ ಎಂದೇ ತಿಳಿಯಿರಿ. ಐಡ್ಲಿಂಗ್ ಸ್ಕ್ರೂವನ್ನು ತುದಿ ತಗುಲದಷ್ಟು ಹಿಂದಕ್ಕೆ ತಿರುಗಿಸಿ, ತಗುಲಿದ ಜಾಗದಿಂದ ಒಂದೂವರೆ ಸುತ್ತು ಒಳಕ್ಕೆ ಕೊಡಿ, ಎರಡಕ್ಕೂ ಒಂದೇ ಲೆಕ್ಕ. ಕೆಳಗಿನ ಜೆಟ್ (ಪೆಟ್ರೋಲ್ ಬರುವ ಸಣ್ಣ ಕೊಳವೆ) ನಟ್ಟನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಜೆಟ್ಟಿನ ಬಾಯಿ ಕಾರ್ಬುರೇಟರಿನೊಳಗೆ ಪಿಸ್ಟನ್ ಕೆಳಗಿರುವ ದಿಣ್ಣೆಯ (ಬ್ರಿಜ್) ಮಟ್ಟಕ್ಕೆ ಬಂದ ಮೇಲೆ ಎರಡು ಸುತ್ತು, ಅಂದರೆ ನಟ್ಟಿನ ಹನ್ನೆರಡು ಮುಖ, ಕೆಳಕ್ಕೆ ಇಳಿಸಿ. ಎಸ್.ಯು.ನಲ್ಲಿ ಜೆಟ್ ಕೆಳಗಿಳಿದಷ್ಟೂ ಪೆಟ್ರೋಲ್ ಹೆಚ್ಚು.

ಸ್ಟಾರ್ಟ್ ಮಾಡಿ. 6 ರಿಂದ 8 ಮಿ.ಮೀ. ಒಳಬಾಯಿಯ ಅರ್ಧ ಮೀಟರ್ ರಬ್ಬರ್ ಟ್ಯೂಬಿನ ಒಂದು ತುದಿ ಕಿವಿಯ ಬಳಿ, ಇನ್ನೊಂದು ತುದಿ ಕಾರ್ಬುರೇಟರಿನ ಬಾಯಿಯಲ್ಲಿ ಒಂದೇ ಜಾಗಕ್ಕೆ. ‘ಸ್ಸ್’ ಎನ್ನುವ ಸದ್ದು ಎರಡರಲ್ಲೂ ಒಂದೇ ಶ್ರುತಿಯಲ್ಲಿರಬೇಕು. ತೀಕ್ಷ್ಣವಾಗಿ ಕೇಳುವ ಕಡೆ ಗಾಳಿ ಹೆಚ್ಚು ಹೋಗುತ್ತಿದೆ. ಅದರ ಸ್ಕ್ರೂ ಸ್ವಲ್ಪ ಹಿಂದಕ್ಕೆ, ಇನ್ನೊಂದರದು ಮುಂದಕ್ಕೆ, ಕೊನೆಗೆ 800 ಆರ್.ಪಿ.ಎಂ. ಆಸುಪಾಸಿಗೆ ಬರಲಿ. ಗಾಳಿ ಅಳೆಯುವ ಮೀಟರ್ ಇದ್ದರೆ ಒಳ್ಳೆಯದೇ, ಆದರೆ ಟ್ಯೂಬ್ ಮತ್ತು ಶಾಂತವಾದ ಜಾಗ ಸಾಕು. ಶಬ್ದ ಕಡಿಮೆ ಇರುವ ಬೆಳಗಿನ ಹೊತ್ತು ಮಾಡಿ.

ಗಾಳಿ ಸಮವಾದ ಮೇಲೆ ಪೆಟ್ರೋಲ್. ಕಾರ್ಬುರೇಟರ್ ಪಕ್ಕದ ಪುಟ್ಟ ಪಿನ್ನಿನಿಂದ ಪಿಸ್ಟನ್ ಅನ್ನು 0.8 ಮಿ.ಮೀ. ಮಾತ್ರ ಎತ್ತಿ. ಎಂಜಿನ್ ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಹೆಚ್ಚಾಗಿದೆ, ನಟ್ ಒಂದು ಮುಖ ಮೇಲಕ್ಕೆ. ಎಂಜಿನ್ ಕುಸಿದು ನಿಲ್ಲಲು ಹೊರಟರೆ ಕಡಿಮೆಯಾಗಿದೆ, ಒಂದು ಮುಖ ಕೆಳಕ್ಕೆ. ಒಂದು ಕ್ಷಣ ಕೊಂಚ ಏರಿ ಮತ್ತೆ ಮೊದಲಿನಂತಾದರೆ ಸರಿ. ಒಂದನ್ನು ಸರಿಮಾಡಿ, ಇನ್ನೊಂದನ್ನು ಸರಿಮಾಡಿ, ಮತ್ತೆ ಮೊದಲಿನದಕ್ಕೆ ಬನ್ನಿ, ಏಕೆಂದರೆ ಒಂದು ಬದಲಾದರೆ ಇನ್ನೊಂದರ ಲೆಕ್ಕ ಸ್ವಲ್ಪ ಕದಲುತ್ತದೆ. ಈಗ ಬಂಕಿನಲ್ಲಿ ಸಿಗುವ 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೆಯ ಲೆಕ್ಕಕ್ಕಿಂತ ಒಂದೆರಡು ಮುಖ ಕೆಳಗೆ ಬೇಕಾಗಬಹುದು. ಹಳೆಯ ರಬ್ಬರ್ ಪೈಪುಗಳು ಈ ಪೆಟ್ರೋಲಿಗೆ ಮೆತ್ತಗಾಗಿ ಬಿರಿಯುತ್ತವೆ. ಎಥೆನಾಲ್ ತಡೆಯುವ ಪೈಪನ್ನೇ ಹಾಕಿಸಿ.

ಈಗ ನಿಮ್ಮ ನಿಜವಾದ ಪ್ರಶ್ನೆ, ಎರಡೂ ಒಂದೇ ಕ್ಷಣಕ್ಕೆ ಏಳುವುದು. ಸಲಾಕೆಯಿಂದ ಹೊರಟ ಸಣ್ಣ ತೋಳಿನ ಪಿನ್ನು ಸ್ಪಿಂಡಲ್‌ನ ಕವಲಿನೊಳಗೆ ಕೂರುತ್ತದೆ. ಪಿನ್ನಿಗೂ ಕವಲಿನ ಕೆಳ ಅಂಚಿಗೂ ಮಧ್ಯೆ 0.15 ಮಿ.ಮೀ. ಫೀಲರ್ ಗೇಜ್ ಇಟ್ಟು ಕ್ಲ್ಯಾಂಪ್ ಬಿಗಿ ಮಾಡಿ. ಇನ್ನೊಂದು ಕಡೆಯೂ ಅದೇ ಗೇಜ್, ಅದೇ ಬಿಗಿ. ಈ ಕೂದಲೆಳೆಯಷ್ಟು ಸಂದು ಬೇಕೇ ಬೇಕು. ಐಡ್ಲಿಂಗ್‌ನಲ್ಲಿ ಪ್ರತಿ ಬಟರ್‌ಫ್ಲೈ ತನ್ನ ಸ್ಕ್ರೂ ಮೇಲೆ ತಾನೇ ಕೂರಬೇಕು, ಸಲಾಕೆ ಅದನ್ನು ಎತ್ತಿ ಹಿಡಿಯಬಾರದು. ಒಂದು ಕಡೆ ಸಂದು 0.15, ಇನ್ನೊಂದು ಕಡೆ 0.5 ಇದ್ದರೆ ಮೊದಲನೆಯದು ಬಾಯಿ ತೆರೆದ ಎಷ್ಟೋ ಹೊತ್ತಿಗೆ ಎರಡನೆಯದು ಏಳುತ್ತದೆ. ನಿಮ್ಮ ಗಾಡಿ ತಡವರಿಸುವುದು ಅಲ್ಲೇ. ಕ್ಲ್ಯಾಂಪ್ ಬಿಗಿಮಾಡುವಾಗ ಸಲಾಕೆ ಎಡಬಲ ಸ್ವಲ್ಪ ಆಡುವಂತಿರಲಿ, ಇಲ್ಲವಾದರೆ ಬಿಸಿಗೆ ಹಿಗ್ಗಿ ಹಿಡಿದುಕೊಳ್ಳುತ್ತದೆ. ಆಮೇಲೆ ಕೇಬಲ್‌ನಿಂದಲೇ 1500 ಆರ್.ಪಿ.ಎಂ.ಗೆ ಏರಿಸಿ ಟ್ಯೂಬ್ ಹಿಡಿದು ಇನ್ನೊಮ್ಮೆ ಕೇಳಿ. ಐಡ್ಲಿಂಗ್‌ನಲ್ಲಿ ಸಮ, 1500ರಲ್ಲಿ ಸಮವಿಲ್ಲ ಎಂದರೆ ತಪ್ಪು ಸಲಾಕೆಯದೇ.

ಇಷ್ಟಾದರೂ ಪೆಡಲ್ ಮುಟ್ಟಿದಾಗ ತಡವರಿಸಿದರೆ ಕಾರ್ಬುರೇಟರಿನ ಮೇಲಿನ ಡ್ಯಾಶ್‌ಪಾಟ್‌ನಲ್ಲಿ (ಪಿಸ್ಟನ್ ಏಳುವ ವೇಗ ತಡೆಯುವ ಎಣ್ಣೆಯ ಕೊಳವೆ) ಎಣ್ಣೆ ನೋಡಿ. ಡ್ಯಾಂಪರ್ ಮುಚ್ಚಳ ಇಳಿಸುವಾಗ ಇನ್ನು 6 ಮಿ.ಮೀ. ಇರುವಾಗಲೇ ಎಣ್ಣೆಯ ತಡೆ ಕೈಗೆ ತಿಳಿಯಬೇಕು. 20 ಗ್ರೇಡ್ ಎಣ್ಣೆ ಸರಿ. ಒಂದರಲ್ಲಿ ಎಣ್ಣೆ ಇದ್ದು ಇನ್ನೊಂದು ಒಣಗಿದ್ದರೆ, ಸಲಾಕೆ ಎಷ್ಟೇ ಸರಿಯಿದ್ದರೂ ಪಿಸ್ಟನ್‌ಗಳು ಒಟ್ಟಿಗೆ ಏಳುವುದಿಲ್ಲ. ಸ್ಪಿಂಡಲನ್ನು ಬೆರಳಲ್ಲಿ ಮೇಲೆ ಕೆಳಗೆ ಅಲ್ಲಾಡಿಸಿಯೂ ನೋಡಿ. ಆಟ ಕೈಗೆ ತಿಳಿಯುವಷ್ಟಿದ್ದರೆ ಅಲ್ಲಿಂದ ಗಾಳಿ ನುಗ್ಗುತ್ತಿದೆ. ಕಾರ್ಬುರೇಟರಿನ ಬಾಡಿಯನ್ನು ರೀಮ್ ಮಾಡಿಸಿ (ತೂತು ನಯವಾಗಿ ಹಿಗ್ಗಿಸಿ) ಬುಷ್ ಹಾಕಿಸದೆ ಯಾವ ಟ್ಯೂನಿಂಗೂ ನಿಲ್ಲುವುದಿಲ್ಲ.

ಪ್ರಶ್ನೆ: ರಾಡ್ ತೆಗೆದು ಕೇಬಲ್ ಹಾಕಿಸಿದ ಎರಡೇ ತಿಂಗಳಿಗೆ ಕೇಬಲ್ ಬಿಗಿಯಾಗಿ, ಔಟರ್‌ನ ಪ್ಲಾಸ್ಟಿಕ್ ಕರಗಿತು. ಎಕ್ಸಾಸ್ಟ್‌ನಿಂದ ದೂರವೇ ಇತ್ತು. ಇನ್ನೊಂದು ಹಾಕಿದೆ, ಅದೂ ಹಾಗೇ ಆಯಿತು. ಸೆಲ್ಫ್ ಕೂಡ ನಿಧಾನ ತಿರುಗುತ್ತದೆ, ಬ್ಯಾಟರಿ ಹೊಸದು.
– ಓದುಗರು, ಚಿಂತಾಮಣಿ

ಉತ್ತರ: ಸೆಲ್ಫ್ ನಿಧಾನ ಎನ್ನುವುದನ್ನು ನೀವು ಕೊನೆಗೆ ಬರೆದಿದ್ದೀರಿ, ಉತ್ತರ ಇರುವುದು ಅಲ್ಲೇ. ನಿಮ್ಮ ಎಂಜಿನ್ನಿಗೆ ಅರ್ಥ್ ಪಟ್ಟಿ ಇಲ್ಲ, ಅಥವಾ ತುಕ್ಕು ಹಿಡಿದಿದೆ. ಸೆಲ್ಫ್ ಮೋಟರ್ ಎಳೆಯುವ ನೂರಕ್ಕೂ ಹೆಚ್ಚು ಆಂಪಿಯರ್ ಕರೆಂಟು ಬ್ಯಾಟರಿಗೆ ವಾಪಸು ಹೋಗಲೇಬೇಕು. ಎಂಜಿನ್ ರಬ್ಬರ್ ಮೇಲೆ ಕೂತಿದೆ, ರಬ್ಬರಿನಲ್ಲಿ ಕರೆಂಟು ಹರಿಯದು. ಪಟ್ಟಿ ಇಲ್ಲದಾಗ ಅದು ಸಿಕ್ಕ ದಾರಿ ಹಿಡಿಯುತ್ತದೆ: ಥ್ರಾಟಲ್ ಕೇಬಲ್, ಚೋಕ್ ಕೇಬಲ್. ಬೆರಳು ದಪ್ಪದ ತಾಮ್ರಕ್ಕೆ ಸೇರಿದ ಕೆಲಸವನ್ನು ಕಡ್ಡಿ ದಪ್ಪದ ಉಕ್ಕಿನ ವೈರು ಮಾಡಿದರೆ ಅದು ಕೆಂಡವಾಗುತ್ತದೆ. ಪ್ಲಾಸ್ಟಿಕ್ ಒಳಗಿನಿಂದ ಕರಗುವುದು ಅದಕ್ಕೇ. ಗೇರ್‌ಬಾಕ್ಸ್ ಇಳಿಸಿ ಏರಿಸಿದ ಗಾಡಿಗಳಲ್ಲಿ ಈ ಪಟ್ಟಿ ವಾಪಸು ಹಾಕುವುದು ಮರೆತುಹೋಗುತ್ತದೆ.

ಖಚಿತ ಮಾಡಿಕೊಳ್ಳಲು ಮಲ್ಟಿಮೀಟರಿನ ಒಂದು ಕಡ್ಡಿ ಎಂಜಿನ್ ಬ್ಲಾಕಿಗೆ, ಇನ್ನೊಂದು ಬ್ಯಾಟರಿಯ ಅರ್ಥ್ ಕಂಬಕ್ಕೆ ಹಿಡಿದು ಯಾರಾದರೂ ಸೆಲ್ಫ್ ಹೊಡೆಯಲಿ. 0.3 ವೋಲ್ಟ್ ಒಳಗಿದ್ದರೆ ಸರಿ. 1 ವೋಲ್ಟ್ ದಾಟಿದರೆ ಪಟ್ಟಿ ಕೆಟ್ಟಿದೆ. ಮೀಟರ್ ಇಲ್ಲದಿದ್ದರೆ ಜಂಪರ್ ಕೇಬಲ್ ಒಂದನ್ನು ಎಂಜಿನ್ನಿನಿಂದ ಬ್ಯಾಟರಿಯ ಅರ್ಥ್ ಕಂಬಕ್ಕೆ ಸಿಕ್ಕಿಸಿ ಸೆಲ್ಫ್ ಹೊಡೆಯಿರಿ, ಜೋರಾಗಿ ತಿರುಗಿದರೆ ಅನುಮಾನವಿಲ್ಲ. 25 ಚದರ ಮಿ.ಮೀ.ಗೆ ಕಡಿಮೆಯಿಲ್ಲದ ಹೆಣೆದ ತಾಮ್ರದ ಪಟ್ಟಿ ತಂದು, ಎರಡೂ ಕಡೆ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ. ಬ್ರಿಟಿಷ್ ಮೂಲದ ಎಷ್ಟೋ ಹಳೇ ಕಾರುಗಳಲ್ಲಿ ಪಾಸಿಟಿವ್ ಕಂಬವೇ ಅರ್ಥ್ ಆಗಿರುತ್ತದೆ. ಹಾಗಿದ್ದರೂ ಪಟ್ಟಿಯ ಕೆಲಸ ಅದೇ. ಇದಾದ ಮೇಲೆಯೇ ಮೂರನೆಯ ಕೇಬಲ್ ಕೊಳ್ಳಿ. ಬಿಸಿ ಕಂಡ ಹಳೆಯದನ್ನು ಎಣ್ಣೆ ಬಿಟ್ಟು ಉಪಯೋಗಿಸಬೇಡಿ.

ಪ್ರಶ್ನೆ: ಕೇಬಲ್ ತುದಿಗೆ ಸ್ಕ್ರೂ ನಿಪ್ಪಲ್ ಸಾಕೇ, ಬೆಸುಗೆಯೇ ಬೇಕೇ? ಮನೆಯಲ್ಲೇ ಬೆಸುಗೆ ಹಾಕಲು ನೋಡಿದೆ, ಎಳೆದರೆ ಕಿತ್ತು ಬಂತು.
– ಓದುಗರು, ರಾಬರ್ಟ್‌ಸನ್‌ಪೇಟೆ, ಕೆ.ಜಿ.ಎಫ್.

ಉತ್ತರ: ಸ್ಕ್ರೂ ನಿಪ್ಪಲ್ ದಾರಿಯಲ್ಲಿ ಕೈಕೊಟ್ಟಾಗ ಮನೆ ಸೇರಲು ಸರಿ, ಡಿಕ್ಕಿಯಲ್ಲಿ ಒಂದು ಇಟ್ಟುಕೊಳ್ಳಿ. ಕಾಯಂ ಆಗಿ ಬೇಡ. ಸ್ಕ್ರೂ ತುದಿ ಎಳೆಗಳನ್ನು ಒಂದೊಂದಾಗಿ ಕಡಿಯುತ್ತದೆ.

ಬೆಸುಗೆ ಕಿತ್ತು ಬರುವುದು ಸೀಸ ವೈರಿನ ಮೇಲ್ಮೈಯನ್ನಷ್ಟೇ ಹಿಡಿದಾಗ. ನಿಪ್ಪಲ್ ವೈರನ್ನು ಹಿಡಿಯಬೇಕಾದ್ದು ಆಕಾರದಿಂದ, ಸೀಸ ಆ ಆಕಾರವನ್ನು ಕಾಯುತ್ತದೆ ಅಷ್ಟೆ. ಹಿತ್ತಾಳೆ ನಿಪ್ಪಲ್‌ನ ಒಂದು ಕಡೆ ಬಾಯಿ ಆಲಿಕೆಯಂತೆ ಅಗಲವಾಗಿರಬೇಕು. ಇಲ್ಲದಿದ್ದರೆ ದಪ್ಪ ಡ್ರಿಲ್ ಬಿಟ್ಟಿನಲ್ಲಿ ಮಾಡಿಕೊಳ್ಳಿ. ಕತ್ತರಿಸುವ ಜಾಗಕ್ಕೆ ಮೊದಲೇ ಸೀಸ ಕುಡಿಸಿ ಕತ್ತರಿಸಿದರೆ ಎಳೆಗಳು ಬಿಚ್ಚಿಕೊಳ್ಳುವುದಿಲ್ಲ. ಇಕ್ಕಟ್ಟಾದ ಕಡೆಯಿಂದ ವೈರು ತೂರಿಸಿ, ತುದಿಯ 3 ಮಿ.ಮೀ. ಕಾಯಿಸಿ ಸೀಸ ಒದರಿ, ಎಳೆಗಳನ್ನು ಮೊಳೆಯ ತುದಿಯಿಂದ ಸೇವಂತಿಗೆ ಅರಳಿದ ಹಾಗೆ ಸುತ್ತಲೂ ಬಿಡಿಸಿ. ಈಗ ವೈರನ್ನು ಹಿಂದಕ್ಕೆ ಎಳೆದರೆ ಆ ಹೂವು ಆಲಿಕೆಯೊಳಗೆ ಕೂರುತ್ತದೆ. ಫ್ಲಕ್ಸ್ ಹಚ್ಚಿ, ಕರಗಿದ 60/40 ಸೀಸದಲ್ಲಿ ಐದಾರು ಸೆಕೆಂಡು ಅದ್ದಿ. ಅದಕ್ಕಿಂತ ಹೆಚ್ಚು ಹೊತ್ತಾದರೆ ಸೀಸ ವೈರಿನೊಳಗೆ ಮೇಲೇರಿ, ನಿಪ್ಪಲ್ ಹೊರಗಿನ ಒಂದೆರಡು ಸೆಂಟಿಮೀಟರ್ ಕಡ್ಡಿಯಾಗುತ್ತದೆ. ಮುರಿಯುವುದು ಆ ಗಡಿಯಲ್ಲೇ. ಆಸಿಡ್ ಫ್ಲಕ್ಸ್ ಆದರೆ ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆದು ಒಣಗಿಸಿ. ಸ್ಟೇನ್‌ಲೆಸ್ ವೈರಿಗೆ ಮಾಮೂಲಿ ಫ್ಲಕ್ಸ್ ಹಿಡಿಯುವುದಿಲ್ಲ, ಫಾಸ್ಫಾರಿಕ್ ಆಸಿಡ್ ಇರುವುದು ಬೇಕು.

ತಣ್ಣಗಾದ ಮೇಲೆ ಕುಡಿಯುವ ನೀರಿನ 20 ಲೀಟರ್ ತುಂಬಿದ ಕ್ಯಾನನ್ನು ಆ ಕೇಬಲ್‌ಗೆ ತೂಗುಹಾಕಿ ಹತ್ತು ನಿಮಿಷ ಬಿಡಿ. ನಿಪ್ಪಲ್ ಕೂದಲಷ್ಟೂ ಸರಿಯಬಾರದು. ಗಾಡಿಗೆ ಹಾಕಿದ ಮೇಲೆ ನಿಪ್ಪಲ್ ತನ್ನ ಗುಂಡಿಯಲ್ಲಿ ಸಲೀಸಾಗಿ ಹೊರಳುತ್ತದೆಯೇ ನೋಡಿ, ಒಂದು ಚೂರು ಗ್ರೀಸ್ ಇಡಿ. ಹೊರಳದ ನಿಪ್ಪಲ್ ಪ್ರತಿ ಸಲ ವೈರನ್ನೇ ಬಗ್ಗಿಸುತ್ತದೆ. ಔಟರ್ ಒಳಗೆ ಬಿಳಿ ಪ್ಲಾಸ್ಟಿಕ್ ಕೊಳವೆ ಇದ್ದರೆ ಅದಕ್ಕೆ ಮಾತ್ರ ಗ್ರೀಸ್ ತುಂಬಬೇಡಿ, ಧೂಳು ಸೇರಿ ಅಂಟಾಗುತ್ತದೆ.

ಪ್ರಶ್ನೆ: ಎರಡು ಕಾರ್ಬುರೇಟರಿನ ಬೈಕುಗಳಲ್ಲಿ ಒಂದು ಕೇಬಲ್ ಎರಡಾಗಿ ಕವಲೊಡೆಯುತ್ತದಲ್ಲ, ಅದನ್ನೇ ಕಾರಿಗೆ ಹಾಕಬಹುದೇ? ಸಲಾಕೆಯ ರಗಳೆ ತಪ್ಪುತ್ತದೆ.
– ಓದುಗರು, ಗೌರಿಬಿದನೂರು

ಉತ್ತರ: ಹಾಕಬೇಡಿ. ಎರಡು ವೈರು ಒಂದೇ ಸಮ ಜಗ್ಗುವುದಿಲ್ಲ, ಹೊಂದಿಸಿದ್ದು ಸ್ವಲ್ಪ ದಿನದಲ್ಲಿ ತಪ್ಪುತ್ತದೆ. ಕವಲಿನ ಡಬ್ಬಿಯೊಳಗಿನ ಪ್ಲಾಸ್ಟಿಕ್ ತುಂಡು ಕೈಯ ಬಲಕ್ಕೆ ಮಾಡಿದ್ದು, ಕಾಲಿನ ಬಲಕ್ಕಲ್ಲ. ಒಂದು ಕವಲು ಸಿಕ್ಕಿಕೊಂಡರೆ ಎರಡು ಸಿಲಿಂಡರು ಪೂರ್ತಿ ಓಡುತ್ತಿರುತ್ತವೆ, ಇನ್ನೆರಡು ಐಡ್ಲಿಂಗ್‌ನಲ್ಲಿರುತ್ತವೆ. ಒಂದು ಕೇಬಲ್, ನಡುವೆ ಗಟ್ಟಿ ಸಲಾಕೆ, ಇದೇ ಸರಿ.

ಪ್ರಶ್ನೆ: ನಂದಿ ಬೆಟ್ಟ ಹತ್ತಿ ಇಳಿದ ಮೇಲೆ ನನ್ನ ಜೋಡಿ ಕಾರ್ಬುರೇಟರ್ ಗಾಡಿಯ ಐಡ್ಲಿಂಗ್ 1500ರಲ್ಲೇ ನಿಲ್ಲುತ್ತದೆ. ತಣ್ಣಗಾದರೆ ಸರಿ. ಎತ್ತರದ ಕಾರಣವೇ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಅಲ್ಲ. ನಂದಿಯ ನೆತ್ತಿ 1478 ಮೀಟರ್. ಅಲ್ಲಿ ಗಾಳಿ ತೆಳುವಾಗಿ ಮಿಶ್ರಣದಲ್ಲಿ ಪೆಟ್ರೋಲ್ ತುಸು ಹೆಚ್ಚಾಗುತ್ತದೆ, ಎಳೆತ ಸ್ವಲ್ಪ ಕುಂದುತ್ತದೆ. ಕೆಳಗೆ ಬಂದ ಮೇಲೆ ಅದು ಉಳಿಯುವುದಿಲ್ಲ. ನಿಮ್ಮ ತೊಂದರೆ ಬಿಸಿಯದು.

ಐಡ್ಲಿಂಗ್ ಏರಿರುವಾಗಲೇ ಬಾನೆಟ್ ತೆಗೆದು ಕೇಬಲ್ ತುದಿಯನ್ನು ಪುಲ್ಲಿಯಿಂದ ಕಳಚಿ. ವೇಗ ತಕ್ಷಣ ಇಳಿದರೆ ಕೇಬಲ್ ತಪ್ಪು. ಬಿಸಿಗೆ ಔಟರ್ ಮೆತ್ತಗಾಗಿ ಬಾಗಿನಲ್ಲಿ ವೈರನ್ನು ಹಿಡಿಯುತ್ತಿದೆ, ಅಥವಾ ಸಡಿಲವೇ ಇಲ್ಲದಂತೆ ಕಟ್ಟಿದ್ದೀರಿ. ಎಂಜಿನ್ ತಣ್ಣಗಿದ್ದು ಚೋಕ್ ಒಳಗಿರುವಾಗ ಕೇಬಲ್‌ನಲ್ಲಿ 1 ಮಿ.ಮೀ. ಸಡಿಲ ಇರಲೇಬೇಕು. ಕಳಚಿದರೂ ಇಳಿಯದಿದ್ದರೆ ಚೋಕ್ ಕೇಬಲ್ ಪೂರ್ತಿ ವಾಪಸಾಗಿದೆಯೇ, ಸಲಾಕೆ ಹಿಗ್ಗಿ ಹಿಡಿದಿದೆಯೇ, ಸ್ಪಿಂಡಲ್ ಬಿಗಿಯೇ ಎಂದು ಇದೇ ಕ್ರಮದಲ್ಲಿ ನೋಡಿ.

ಬೆಟ್ಟ ಇಳಿಯುವ ಗಾಡಿಗೆ ರಿಟರ್ನ್ ಸ್ಪ್ರಿಂಗ್ ಒಂದು ಸಾಲದು. ಪ್ರತಿ ಕಾರ್ಬುರೇಟರಿಗೆ ಒಂದೊಂದು, ಸಲಾಕೆಗೆ ಇನ್ನೊಂದು, ಒಟ್ಟು ಮೂರು. ಪ್ರತಿಯೊಂದರ ಕೊಕ್ಕೆಗೂ ಬೇರೆ ಬೇರೆ ತೂತು ಇರಲಿ, ಯಾವುದೊಂದು ಮುರಿದರೂ ಉಳಿದವು ಬಟರ್‌ಫ್ಲೈ ಮುಚ್ಚಬೇಕು. ಕೇಬಲ್ ಕಳಚಿ ಪುಲ್ಲಿಯನ್ನು ಕೈಯಲ್ಲಿ ತೆರೆದು ಬಿಟ್ಟರೆ ‘ಟಕ್’ ಎಂದು ಸ್ಕ್ರೂಗೆ ಬಡಿದು ಕೂರಬೇಕು. ನಿಧಾನ ಬಂದು ಕೂತರೆ ಆ ಗಾಡಿಯನ್ನು ಘಾಟಿಗೆ ಒಯ್ಯಬೇಡಿ. ಪೆಡಲ್ ಕೆಳಗೆ ದಪ್ಪ ನಾರಿನ ಮ್ಯಾಟ್ ಇದ್ದರೆ ಇವತ್ತೇ ತೆಗೆಯಿರಿ.

ಓಡುವಾಗಲೇ ಥ್ರಾಟಲ್ ಸಿಕ್ಕಿಕೊಂಡರೆ ಪೆಡಲ್ ಕೆದಕುತ್ತಾ ಕೂರಬೇಡಿ. ಕ್ಲಚ್ ಒತ್ತಿ, ಬ್ರೇಕ್ ಒತ್ತಿ, ಇಗ್ನಿಷನ್ ಒಂದು ಹೆಜ್ಜೆ ಹಿಂದಕ್ಕೆ ತಿರುಗಿಸಿ ಎಂಜಿನ್ ನಿಲ್ಲಿಸಿ. ಕೀ ಹೊರಗೆ ಎಳೆಯಬೇಡಿ, ಸ್ಟಿಯರಿಂಗ್ ಲಾಕ್ ಇರುವ ಗಾಡಿಯಾದರೆ ಸ್ಟಿಯರಿಂಗ್ ಬಿಗಿದುಕೊಳ್ಳುತ್ತದೆ.

ಪ್ರಶ್ನೆ: ನನ್ನ ಕಾರಿಗೆ ಐವತ್ತು ವರ್ಷ ದಾಟಿದೆ. ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸುವ ಯೋಚನೆ ಇದೆ. ಜೋಡಿ ಕಾರ್ಬುರೇಟರ್ ಹಾಕಿದರೆ ತೊಂದರೆಯೇ?
– ಓದುಗರು, ತಿಪಟೂರು

ಉತ್ತರ: 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ ಗಾಡಿಗೆ ‘ವಿ.ಎ.’ ಅಕ್ಷರವಿರುವ ನಂಬರ್ ಕೊಡುತ್ತಾರೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎನ್ನುವುದು ಷರತ್ತು. ಆ ನಂಬರಿನ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ ಎನ್ನುವುದೂ ಗೊತ್ತಿರಲಿ. ಹಾಗಾಗಿ ಅರ್ಜಿ ಹಾಕುವ ಮುಂಚೆ ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ, ಅಲ್ಲಿಯವರೆಗೆ ಮೂಲ ಕಾರ್ಬುರೇಟರನ್ನೇ ಗಾಡಿಯ ಮೇಲಿಡಿ.

ಆಮೇಲೆ ಜೋಡಿ ಹಾಕಿಸುವ ಮನಸ್ಸಾದರೂ ಮೂಲ ಗಾಡಿಯಲ್ಲಿ ಏನನ್ನೂ ಕತ್ತರಿಸಬೇಡಿ, ಬೆಸುಗೆ ಹಾಕಬೇಡಿ. ಪೆಡಲ್ ತೋಳಿಗೆ ತೂತು ಕೊರೆಯುವ ಬದಲು ಬೋಲ್ಟ್ ಹಾಕಿ ಹಿಡಿಸುವ ಪಟ್ಟಿ ಮಾಡಿಸಬಹುದು. ಫೈರ್‌ವಾಲ್‌ನಲ್ಲಿ ಹಳೆಯ ರಾಡ್ ಹೋಗುತ್ತಿದ್ದ ತೂತಿಗೇ ರಬ್ಬರ್ ಗ್ರೋಮೆಟ್ ಹಾಕಿ ಕೇಬಲ್ ತೂರಿಸಬಹುದು. ಬಿಚ್ಚಿದ ಮ್ಯಾನಿಫೋಲ್ಡ್, ಕಾರ್ಬುರೇಟರ್, ರಾಡ್, ಅದರ ಸ್ಪ್ಲಿಟ್ ಪಿನ್ ಮತ್ತು ಪ್ಲಾಸ್ಟಿಕ್ ಬುಷ್‌ವರೆಗೆ ಎಲ್ಲಕ್ಕೂ ಎಣ್ಣೆ ಸವರಿ ಒಂದೇ ಪೆಟ್ಟಿಗೆಯಲ್ಲಿ ಇಡಿ, ಯಾವುದು ಎಲ್ಲಿಯದು ಎಂಬ ಚೀಟಿ ಕಟ್ಟಿ, ಬಿಚ್ಚುವ ಮುಂಚೆ ತೆಗೆದ ಫೋಟೋಗಳ ಪ್ರಿಂಟೂ ಅದರೊಳಗೇ ಇರಲಿ.